‘ಗುರುವಾರ’ ಎಂಬ ಹೆಸರು ಹೊತ್ತ ಪತ್ತೇದಾರ

ಇಂಗ್ಲಿಷ್ ಲೇಖಕ ಗಿಲ್ಬರ್ಟ್ ಕೀತ್ ಚೆಸ್ಟರ್ಟನ್ 1908ರಲ್ಲಿ ಪ್ರಕಟಿಸಿದ ‘ದಿ ಮ್ಯಾನ್ ಹೂ ವಾಸ್ ಥರ್ಸ್‌ಡೇ’ ಕಾದಂಬರಿಯ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟರೂ ಓದುಗರಿಗೆ ನಷ್ಟವಾಗದು ಎಂಬುದು ನನ್ನ ನಂಬಿಕೆ. ಆದ್ದರಿಂದ ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯುರೋಪಿನ ದೊರೆಗಳನ್ನೂ ಅಧ್ಯಕ್ಷರನ್ನೂ ಬಾಂಬಿಟ್ಟು ಕೊಲ್ಲಲು ಹೊರಟ ಅರಾಜಕತಾವಾದಿಗಳ ಕೇಂದ್ರ ಮಂಡಳಿಯೊಂದಿದೆ. ಅದರಲ್ಲಿ ಏಳು ಜನರಿದ್ದಾರೆ, ಒಬ್ಬೊಬ್ಬರಿಗೂ ವಾರದ ಒಂದೊಂದು ದಿನದ ಹೆಸರಿದೆ. ಗೇಬ್ರಿಯಲ್ ಸೈಮ್ ಎಂಬ ಕವಿ, ಪೊಲೀಸ್ ಪತ್ತೇದಾರನೂ ಆದವನು, ‘ಗುರುವಾರ’ನಾಗಿ ಆ ಮಂಡಳಿಯೊಳಗೆ ನುಸುಳುತ್ತಾನೆ. ಕಥೆ ಸಾಗಿದಂತೆ ಮೊದಲು ಮಂಗಳವಾರ, ಆಮೇಲೆ ಶುಕ್ರವಾರ, ಶನಿವಾರ, ಬುಧವಾರ, ಕಟ್ಟಕಡೆಗೆ ಸೋಮವಾರ, ಹೀಗೆ ಎಲ್ಲರೂ ಅವನಂತೆಯೇ ವೇಷ ಮರೆಸಿಕೊಂಡು ಬಂದ ಪೊಲೀಸರೆಂದು ಬಯಲಾಗುತ್ತದೆ. ಅವರೆಲ್ಲ ಹಿಡಿಯಬೇಕೆಂದು ಪಣತೊಟ್ಟ ಮಂಡಳಿಯ ಅಧ್ಯಕ್ಷ ‘ಭಾನುವಾರ’ನೇ, ಒಂದು ಕತ್ತಲ ಕೋಣೆಯಲ್ಲಿ ಕುಳಿತು ಅವರನ್ನೆಲ್ಲ ಪೊಲೀಸ್ ಕೆಲಸಕ್ಕೆ ಸೇರಿಸಿಕೊಂಡವನು ಎಂಬುದು ಕೊನೆಯ ಗುಟ್ಟು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದ ಯಾವ ಕನ್ನಡಿಗನೂ ಮೂರನೆಯ ವೇಷ ಕಳಚುವ ಹೊತ್ತಿಗೆ ಮುಂದಿನದನ್ನು ಊಹಿಸಬಲ್ಲ. ಚೆಸ್ಟರ್ಟನ್‌ಗೂ ಇದು ಗೊತ್ತಿರಲೇಬೇಕು. ಎರಡು ವರ್ಷ ಕಳೆದು ಫಾದರ್ ಬ್ರೌನ್ ಎಂಬ ಪಾದ್ರಿ ಪತ್ತೇದಾರನ ಕಥೆಗಳನ್ನು ಬರೆಯಲಾರಂಭಿಸಿದ ಮನುಷ್ಯನಿಗೆ ಗುಟ್ಟು ಕಾಯುವ ಕಲೆ ತಿಳಿದಿರಲಿಲ್ಲ ಎನ್ನಲಾಗದು. ಹಾಗಿದ್ದರೂ ಗುಟ್ಟು ಸೋರಿಹೋಗಲು ಅವನು ಬಿಟ್ಟ. ಗುಟ್ಟಿನ ಮೇಲಷ್ಟೇ ನಿಂತ ಕಥೆಯಾಗಿದ್ದರೆ ಇದು ಅರ್ಧಕ್ಕೇ ಕುಸಿಯುತ್ತಿತ್ತು. ನನ್ನ ಮಟ್ಟಿಗೆ ಇದು ನಿಂತಿರುವುದು ಒಂಟಿತನದ ಭಯದ ಮೇಲೆ. ಸುತ್ತಲೂ ಶತ್ರುಗಳೇ, ತನ್ನ ಪರ ಒಬ್ಬನೂ ಇಲ್ಲ ಎಂದು ನಂಬಿದವನ ಎದೆಯೊಳಗೆ ಏನಾಗುತ್ತದೆ, ಆ ನಂಬಿಕೆ ಸುಳ್ಳೆಂದು ತಿಳಿದಾಗ ಏನಾಗುತ್ತದೆ ಎಂಬುದನ್ನು ಇಷ್ಟು ನಿಚ್ಚಳವಾಗಿ ಬರೆದ ಮತ್ತೊಂದು ಪತ್ತೇದಾರಿ ಕಾದಂಬರಿಯನ್ನು ನಾನು ಓದಿಲ್ಲ.

ಕಥೆ ಆರಂಭವಾಗುವುದು ಲಂಡನ್ನಿನ ಪಶ್ಚಿಮ ದಿಕ್ಕಿನ ‘ಸ್ಯಾಫ್ರನ್ ಪಾರ್ಕ್’ ಎಂಬ ಕೆಂಪಿಟ್ಟಿಗೆಯ ಬಡಾವಣೆಯಲ್ಲಿ. ನಿಜವಾದ ಬೆಡ್‌ಫರ್ಡ್ ಪಾರ್ಕ್ ಇದರ ಮಾದರಿ; ಚೆಸ್ಟರ್ಟನ್ 1901ರಲ್ಲಿ ಮದುವೆಯಾದ ಫ್ರಾನ್ಸಿಸ್‌ಳ ಮನೆ ಇದ್ದದ್ದು ಅಲ್ಲಿಯೇ. ಒಂದು ಸಂಜೆ ಅಲ್ಲಿನ ತೋಟದಲ್ಲಿ ಕೆಂಪು ಕೂದಲಿನ ಕವಿ ಲೂಸಿಯನ್ ಗ್ರೆಗರಿ, ಕವಿಯೆಂದರೆ ಅರಾಜಕತಾವಾದಿಯೇ ಎಂದು ಸಾರುತ್ತಾನೆ. ಸುರಂಗ ರೈಲಿನಲ್ಲಿ ಕುಳಿತ ಗುಮಾಸ್ತರ ಮುಖಗಳು ಏಕೆ ಅಷ್ಟು ಬಾಡಿರುತ್ತವೆ ಎಂದರೆ, ಸ್ಲೋನ್ ಸ್ಕ್ವೇರ್ ಆದ ಮೇಲೆ ವಿಕ್ಟೋರಿಯಾ ನಿಲ್ದಾಣವೇ ಬರುತ್ತದೆಂದು ಅವರಿಗೆ ಗೊತ್ತು. ಬೇರಾವುದಾದರೂ ನಿಲ್ದಾಣ ಬಂದುಬಿಟ್ಟರೆ ಅವರ ಕಣ್ಣುಗಳು ಹೊಳೆಯುತ್ತವೆ ಎನ್ನುವುದು ಅವನ ವಾದ. ಸೈಮ್ ಇದನ್ನು ಒಪ್ಪುವುದಿಲ್ಲ. ಗುರಿ ತಪ್ಪುವುದು ಯಾರಿಗಾದರೂ ಸಾಧ್ಯ, ಮುಟ್ಟುವುದೇ ಅಪರೂಪ. ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ರೈಲು ವಿಕ್ಟೋರಿಯಾವನ್ನೇ ಮುಟ್ಟಿತಲ್ಲ, ಅದೇ ಕಾವ್ಯ. ನಿಮ್ಮ ಕವಿ ಬೈರನ್ ನಿಮಗೇ ಇರಲಿ, ನನಗೆ ರೈಲ್ವೆ ವೇಳಾಪಟ್ಟಿ ಸಾಕು ಎನ್ನುತ್ತಾನೆ. ಸಂಜೆಯ ಹರಟೆಯಂತೆ ತೋರುವ ಈ ಮಾತಿನಲ್ಲಿ ಇಡೀ ಕಾದಂಬರಿಯ ಒತ್ತಡ ಅಡಗಿದೆ. ಕಟ್ಟಳೆ ತಾನಾಗಿಯೇ ಇರುವಂಥದ್ದಲ್ಲ, ಪ್ರತಿದಿನವೂ ಯಾರೋ ಸೆಣಸಿ ಗೆದ್ದುಕೊಳ್ಳುವಂಥದ್ದು ಎಂದು ಸೈಮ್ ನಂಬಿದ್ದಾನೆ. ಆ ನಂಬಿಕೆಗೆ ತೆರಬೇಕಾದ ಬೆಲೆ ಅವನಿಗೆ ಅಂದು ರಾತ್ರಿಯಿಂದಲೇ ಗೊತ್ತಾಗುತ್ತ ಹೋಗುತ್ತದೆ.

ತನ್ನನ್ನು ಬರಿಯ ಮಾತಿನ ಮಲ್ಲನೆಂದು ತಿಳಿದ ಸೈಮ್‌ಗೆ ತಾನು ನಿಜವಾದ ಅರಾಜಕತಾವಾದಿಯೆಂದು ತೋರಿಸಲೇಬೇಕೆಂದು ಗ್ರೆಗರಿ ಹಟ ತೊಡುತ್ತಾನೆ. ಪೊಲೀಸರಿಗೆ ತಿಳಿಸುವುದಿಲ್ಲವೆಂಬ ಆಣೆ ಹಾಕಿಸಿಕೊಂಡು ಅವನನ್ನು ಚಿಸ್‌ವಿಕ್‌ನ ನದಿದಂಡೆಯ ಒಂದು ಪಡಖಾನೆಗೆ ಕರೆದೊಯ್ಯುತ್ತಾನೆ. ಊಟದ ಮೇಜು ಅವರನ್ನು ಹೊತ್ತು ನೆಲದೊಳಗೆ ಇಳಿಯುತ್ತದೆ. ಕೆಳಗೆ ಬಂದೂಕು, ಬಾಂಬುಗಳ ಗೋಡೆಯ ನಡುವೆ ಸಭೆ ಸೇರಲಿದೆ. ಸತ್ತುಹೋದ ‘ಗುರುವಾರ’ನ ಜಾಗಕ್ಕೆ ಅಂದು ಗ್ರೆಗರಿಯ ಆಯ್ಕೆ ನಡೆಯಬೇಕು. ಆಗ ಸೈಮ್ ತಾನೂ ಒಂದು ಆಣೆ ಕೇಳಿ, ಪಡೆದ ಮೇಲೆ, ತಾನು ಪೊಲೀಸ್ ಪತ್ತೇದಾರನೆಂದು ಹೇಳುತ್ತಾನೆ. ಪೊಲೀಸನ ಮುಂದೆ ತನ್ನವರನ್ನು ಸಾಧುಗಳೆಂದು ತೋರಿಸಲು ಗ್ರೆಗರಿ ಮೆತ್ತಗಿನ ಭಾಷಣ ಮಾಡುತ್ತಾನೆ, ಸಭೆ ಗೊಣಗುತ್ತದೆ. ಸೈಮ್ ಎದ್ದು ಬೆಂಕಿಯಂಥ ಮಾತಾಡಿ ತಾನೇ ಆಯ್ಕೆಯಾಗುತ್ತಾನೆ.

ಈ ಎರಡು ಆಣೆಗಳನ್ನು ಕೇವಲ ಕಥೆಯ ತಂತ್ರವೆಂದು ನೋಡಬಾರದು ಎಂದು ನನಗನ್ನಿಸುತ್ತದೆ. ಮರುದಿನ ಲೆಸ್ಟರ್ ಸ್ಕ್ವೇರ್‌ಗೆ ಎದುರಾದ ಬಾಲ್ಕನಿಯಲ್ಲಿ, ಎಲ್ಲರ ಕಣ್ಣೆದುರೇ, ಮಂಡಳಿ ಬೆಳಗಿನ ಉಪಾಹಾರ ಮಾಡುತ್ತ ಪ್ಯಾರಿಸ್ಸಿನಲ್ಲಿ ರಷ್ಯಾದ ಸಾರ್ ದೊರೆಯನ್ನೂ ಫ್ರಾನ್ಸಿನ ಅಧ್ಯಕ್ಷನನ್ನೂ ಕೊಲ್ಲುವ ಯೋಜನೆ ಹಾಕುತ್ತದೆ. ಸೈಮ್ ಕೆಳಗೆ ಬಗ್ಗಿ ನೋಡಿದಾಗಲೆಲ್ಲ ಚೌಕದಲ್ಲಿ ಒಬ್ಬ ಸಾಧಾರಣ ಪೇದೆ ನೆಮ್ಮದಿಯಿಂದ ನಿಂತಿರುವುದು ಕಾಣುತ್ತದೆ. ಒಂದು ಕೂಗು ಹಾಕಿದರೆ ಸಾಕು, ಅವನು ಪಾರು. ಆದರೆ ಒಬ್ಬ ಅರಾಜಕತಾವಾದಿಗೆ ಕೊಟ್ಟ ಮಾತು ಅವನ ಬಾಯಿ ಕಟ್ಟಿದೆ. ಕಟ್ಟಳೆಯ ಪರ ನಿಂತವನನ್ನು ಒಂಟಿಯಾಗಿಸುವುದು ಕಟ್ಟಳೆಯ ಮೇಲಿನ ಅವನ ನಿಷ್ಠೆಯೇ. ಶತ್ರುವಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳುವವನು ಮಾತ್ರ ಆ ಬಾಲ್ಕನಿಯಲ್ಲಿ ಹಾಗೆ ಸಿಕ್ಕಿಬೀಳಲು ಸಾಧ್ಯ.

ಅಲ್ಲಿ ಅವನು ಮೊದಲ ಬಾರಿಗೆ ಭಾನುವಾರನನ್ನು ಕಾಣುವ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೊದಲು ಕಾಣುವುದು ಬೆನ್ನು: ಬಾಲ್ಕನಿಯ ನಡುವನ್ನೆಲ್ಲ ತುಂಬಿದ, ಕಲ್ಲಿನಲ್ಲಿ ಕಡೆದಂತಿರುವ ಮಹಾಕಾಯದ ಬೆನ್ನು. ಸೈಮ್ ಹತ್ತಿರವಾದಂತೆ ಆ ಮುಖ ದೊಡ್ಡದಾಗುತ್ತ ಹೋಗುತ್ತದೆ. ಇನ್ನೂ ಹತ್ತಿರ ಹೋದರೆ ಅದು ಮುಖವೆನಿಸಿಕೊಳ್ಳಲಾರದಷ್ಟು ದೊಡ್ಡದಾಗಿ ತಾನು ಚೀರಿಬಿಡುತ್ತೇನೇನೋ ಎಂಬ ಅಂಜಿಕೆ ಅವನನ್ನು ಹಿಡಿಯುತ್ತದೆ. ಚಿಕ್ಕಂದಿನಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಈಜಿಪ್ಟಿನ ಬೃಹತ್ ಶಿಲಾಪ್ರತಿಮೆ ಮೆಮ್ನಾನ್‌ನ ಮುಖವನ್ನು, ಅದು ಮುಖವಾಗಿದ್ದೂ ಅಷ್ಟು ದೊಡ್ಡದಾಗಿತ್ತೆಂಬ ಕಾರಣಕ್ಕೆ, ತಾನು ನೋಡಲೊಲ್ಲದೆ ಇದ್ದದ್ದು ಆಗ ಅವನಿಗೆ ನೆನಪಾಗುತ್ತದೆ. ಮಗುವಿನ ಭಯವನ್ನು ಹೀಗೆ ನಿಖರವಾಗಿ ನೆನಪಿಟ್ಟುಕೊಂಡ ಲೇಖಕರು ವಿರಳ. ಮುಂದಿನ ಅಧ್ಯಾಯದಲ್ಲಿ ಕೆಳಗಿನ ಬೀದಿಯಿಂದ ಬ್ಯಾರಲ್ ಆರ್ಗನ್ನಿನ ಕರ್ಕಶ ಸಂಗೀತ ತೇಲಿ ಬರುತ್ತದೆ. ಬಡವರ ಕೇರಿಗಳಲ್ಲಿ ಹಿಡಿಕೆ ತಿರುಗಿಸಿ ನುಡಿಸುತ್ತಿದ್ದ, ಯಾವ ರಸಿಕನೂ ಮೆಚ್ಚದ ವಾದ್ಯ ಅದು. ಆ ಸದ್ದು ಕೇಳಿದ್ದೇ ತಡ, ಪ್ರತಿದಿನವೂ ಅದನ್ನು ಕೇಳಿಕೊಂಡು ಬದುಕಿನ ಯುದ್ಧಕ್ಕೆ ಹೊರಡುವ ಬೀದಿಯ ಸಾಧಾರಣ ಜನರೆಲ್ಲರ ಪ್ರತಿನಿಧಿ ತಾನು ಎಂಬ ಭಾವ ಸೈಮ್‌ನಲ್ಲಿ ತುಂಬುತ್ತದೆ. ಅವನ ಧೈರ್ಯ ಹುಟ್ಟುವುದು ಪೊಲೀಸ್ ಇಲಾಖೆಯ ಬಲದಿಂದಲ್ಲ, ಆ ಕರ್ಕಶ ಸಂಗೀತದಿಂದ.

ಅವನನ್ನು ಕೆಲಸಕ್ಕೆ ತೆಗೆದುಕೊಂಡ ಕತ್ತಲ ಕೋಣೆಯ ಮನುಷ್ಯನೂ ಅವನಿಗೆ ಬೆನ್ನು ಮಾಡಿಯೇ ಕುಳಿತಿದ್ದ. ನನಗೆ ಅನುಭವವಿಲ್ಲ ಎಂದರೆ, ಅಂತಿಮ ಯುದ್ಧದ ಅನುಭವ ಯಾರಿಗೂ ಇರುವುದಿಲ್ಲ ಎಂಬ ಉತ್ತರ ಬಂದಿತ್ತು. ಒಪ್ಪಿಗೆಯೊಂದೇ ಅರ್ಹತೆಯಾಗಿರುವ ಉದ್ಯೋಗ ಯಾವುದಿದೆ ಎಂದು ಸೈಮ್ ಕೇಳಿದಾಗ ಆ ಧ್ವನಿ ಹೇಳಿತ್ತು: ಹುತಾತ್ಮರದ್ದು, ನಾನು ನಿಮಗೆ ಮರಣದಂಡನೆ ವಿಧಿಸುತ್ತಿದ್ದೇನೆ, ಹೋಗಿ ಬನ್ನಿ.

ಇನ್ನು ಹಿಮದಲ್ಲಿ ನಡೆಯುವ ಬೆನ್ನಟ್ಟುವಿಕೆ. ಮಂಡಳಿಯ ‘ಶುಕ್ರವಾರ’ ಪ್ರೊಫೆಸರ್ ದ ವರ್ಮ್ಸ್ ಹಣ್ಣುಹಣ್ಣು ಮುದುಕ. ಒಂದು ಹೆಜ್ಜೆ ಇಟ್ಟರೆ ಮುಂದಿನದನ್ನು ಇಡುತ್ತಾನೋ ಇಲ್ಲವೋ ಎನ್ನುವಂಥವನು. ಸೋಹೋದ ಊಟದ ಮನೆಯಲ್ಲಿ ಒಂದು ಲೋಟ ಹಾಲನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾನೆ. ಸೈಮ್ ಎದ್ದು ಓಡುತ್ತಾನೆ, ಓಣಿಗಳಲ್ಲಿ ನುಸುಳುತ್ತಾನೆ, ಬಸ್ಸು ಹತ್ತುತ್ತಾನೆ. ಎಲ್ಲಿಗೆ ಹೋದರೂ ಆ ಮುದುಕನ ಏದುಸಿರು ಹಿಂದೆಯೇ. ಕುಂಟುವ ಕಾಲು ಓಡುವ ಕಾಲನ್ನು ಹಿಂದೆ ಹಾಕುವುದು ಕನಸಿನಲ್ಲಿ ಮಾತ್ರ ಸಾಧ್ಯ. ಕನಸಿನಲ್ಲಿ ಅದು ಎಷ್ಟು ಘೋರವೆಂಬುದು ಜ್ವರ ಬಂದ ರಾತ್ರಿಗಳನ್ನು ಬಲ್ಲ ಎಲ್ಲರಿಗೂ ಗೊತ್ತು. ಕೊನೆಗೆ ನದಿಯ ಬದಿಯ ಒಂದು ಹೆಂಡದಂಗಡಿಯಲ್ಲಿ ಮುದುಕ ಅವನೆದುರು ಕುಳಿತು ನೇರವಾಗಿ ಕೇಳುತ್ತಾನೆ: ನೀನು ಪೊಲೀಸನೇ? ಸೈಮ್ ಮತ್ತೆ ಮತ್ತೆ ಅಲ್ಲವೆನ್ನುತ್ತಾನೆ. ಅಯ್ಯೋ, ಹಾಗಾದರೆ ಕಷ್ಟವಾಯಿತು, ಏಕೆಂದರೆ ನಾನು ಪೊಲೀಸ್ ಎನ್ನುತ್ತಾನೆ ಮುದುಕ. ಜೇಬಿನಿಂದ ಸೈಮ್‌ನ ಬಳಿ ಇರುವಂಥದೇ ನೀಲಿ ಚೀಟಿ ತೆಗೆದು ತೋರಿಸುತ್ತಾನೆ.

ಆ ಕ್ಷಣದ ನಂತರ ಚೆಸ್ಟರ್ಟನ್ ಬರೆದ ಒಂದು ಮಾತು ನನ್ನ ಪ್ರಕಾರ ಕಾದಂಬರಿಯ ಹೃದಯ. ಎರಡರ ಎರಡರಷ್ಟು ನಾಲ್ಕು ಎಂದು ಗಣಿತಜ್ಞರಿಗೆ ಒಪ್ಪಿಬಿಡೋಣ, ಆದರೆ ಒಂದರ ಎರಡರಷ್ಟು ಎರಡಲ್ಲ, ಒಂದರ ಎರಡು ಸಾವಿರದಷ್ಟು ಎಂಬುದು ಅದರ ತಿರುಳು. ಮುಂದೆ ಇನ್ನೂ ಮೂವರು ಜೊತೆಯಾಗುತ್ತಾರೆ, ಆದರೆ ಮೊದಲ ಜೊತೆಗಾರ ಸಿಕ್ಕಾಗ ಇಳಿದ ಭಾರ ಮತ್ತೆಂದೂ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ. ಊರು ಬಿಟ್ಟು ಬಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಚೇರಿಯ ಪ್ರತಿಯೊಂದು ಮೌನವನ್ನೂ ನನ್ನ ವಿರುದ್ಧದ ತೀರ್ಪೆಂದು ಓದಿಕೊಳ್ಳುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಗಂಟುಮುಖದ ಹಿರಿಯರೊಬ್ಬರು ಒಂದು ಸಂಜೆ ಚಹಾ ಕುಡಿಯುತ್ತ, ಪ್ರತಿ ಸಭೆಗೆ ಮುಂಚೆ ತಮಗೆ ಕೈ ನಡುಗುತ್ತದೆ ಎಂದರು. ಅಂದಿನಿಂದ ಆ ಕಟ್ಟಡವೇ ಬೇರೆಯಾಯಿತು. ಪ್ರೊಫೆಸರ್‌ನ ನೀಲಿ ಚೀಟಿಯ ಪುಟ ಓದುವಾಗ ನನಗೆ ನೆನಪಾಗುವುದು ಅವರ ಮಾತು.

ಸಾಮಾನ್ಯ ಪತ್ತೇದಾರಿ ಕಥೆ ಸಭ್ಯನ ಮುಖವಾಡ ಕಿತ್ತು ಒಳಗಿನ ಕೊಲೆಗಾರನನ್ನು ತೋರಿಸುತ್ತದೆ. ಓದಿ ಮುಗಿಸಿದ ಮೇಲೆ ಪಕ್ಕದ ಮನೆಯವರನ್ನೂ ಒಂದಿಷ್ಟು ಅನುಮಾನದಿಂದಲೇ ನೋಡುವಂತಾಗುತ್ತದೆ. ಚೆಸ್ಟರ್ಟನ್ ಕೊಲೆಗಾರನ ಮುಖವಾಡ ಕಿತ್ತು ಒಳಗಿನ ಸಭ್ಯನನ್ನು ತೋರಿಸಿದ. ‘ಶನಿವಾರ’ನಾದ ಕಪ್ಪು ಕನ್ನಡಕದ ಡಾಕ್ಟರ್ ಬುಲ್ ಮಂಡಳಿಯಲ್ಲೆಲ್ಲ ಅತ್ಯಂತ ಕ್ರೂರನಾಗಿ ಕಾಣುತ್ತಾನೆ, ಕಾರಣ ಅವನ ಕಣ್ಣುಗಳು ನೋಡುವವರಿಗೆ ಕಾಣುವುದಿಲ್ಲ. ಸೈಮ್ ಆ ಕನ್ನಡಕ ತೆಗೆಯಲು ಹೇಳುತ್ತಾನೆ. ತೆಗೆದಾಗ ಎದುರಿಗಿರುವುದು ಹುಡುಗುಮುಖದ, ಮುಗ್ಧ ಕಣ್ಣುಗಳ ಯುವಕ. ಬೇರೇನೂ ಬದಲಾಗಿಲ್ಲ, ಅದೇ ಕೋಟು, ಅದೇ ನಗು. ಎರಡು ಗಾಜಿನ ತುಂಡುಗಳು ಅಷ್ಟು ಭಯವನ್ನು ಹುಟ್ಟಿಸಿದ್ದವು. ಪ್ರೊಫೆಸರ್‌ನ ಹಿಂದಿನ ಕಥೆಯೂ ಇಂಥದೇ: ಅವನು ವಿಲ್ಕ್ಸ್ ಎಂಬ ನಟ, ನಿಜವಾದ ಪ್ರೊಫೆಸರ್‌ನನ್ನು ಅಣಕಿಸಲು ವೇಷ ಹಾಕಿದ್ದ, ನಿಜವಾದವನು ಎದುರು ಬಂದಾಗ ಅಭಿಮಾನಿಗಳು ಅವನನ್ನೇ ನಕಲಿಯೆಂದು ಹೊರಹಾಕಿದರು.

ಇದೆಲ್ಲ ಎಲ್ಲಿಂದ ಬಂತೆಂದು ತಿಳಿಯಲು ಲೇಖಕನ ಯೌವನಕ್ಕೆ ಹೋಗಬೇಕು. 1874ರಲ್ಲಿ ಹುಟ್ಟಿದ ಚೆಸ್ಟರ್ಟನ್ ಇಪ್ಪತ್ತರ ಆಸುಪಾಸಿನಲ್ಲಿ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿದ್ದಾಗ ಮಾನಸಿಕವಾಗಿ ಕುಸಿದಿದ್ದ. ಹೊರಗಿನ ಲೋಕವೊಂದು ನಿಜವಾಗಿ ಇದೆಯೋ ಅಥವಾ ಎಲ್ಲವೂ ತನ್ನ ಮನಸ್ಸಿನ ಹೊರಚಾಚೋ ಎಂಬ ಸಂದೇಹ ಅವನನ್ನು ಹಿಡಿದಿತ್ತು. ಆತ್ಮಕಥೆಯಲ್ಲಿ ಆ ಕಾಲದ ಕುರಿತ ಅಧ್ಯಾಯಕ್ಕೆ ಹುಚ್ಚನಾಗುವುದು ಹೇಗೆ ಎಂಬರ್ಥದ ಹೆಸರನ್ನೇ ಇಟ್ಟಿದ್ದಾನೆ. ಲೋಕವೆಲ್ಲ ತನ್ನ ಮನಸ್ಸೇ ಆಗಿದ್ದರೆ ಅದಕ್ಕಿಂತ ಪೂರ್ಣವಾದ ಒಂಟಿತನ ಮತ್ತೊಂದಿಲ್ಲ. ಕಾದಂಬರಿಯನ್ನು ಅವನು ಅರ್ಪಿಸಿದ್ದು ಶಾಲಾದಿನಗಳ ಗೆಳೆಯ ಎಡ್ಮಂಡ್ ಕ್ಲೆರಿಹ್ಯೂ ಬೆಂಟ್ಲಿಗೆ. ಅರ್ಪಣೆಯ ಕವಿತೆಯಲ್ಲಿ ತಾವಿಬ್ಬರೂ ರಾತ್ರಿಯೆಲ್ಲ ಮಾತಾಡುತ್ತ ಹೊತ್ತು ನಡೆದ ಸಂದೇಹಗಳನ್ನು ನೆನೆದು, ಇದು ಆ ಹಳೆಯ ಭಯಗಳ ಕಥೆ, ನಿನ್ನ ಹೊರತು ಇನ್ನಾರಿಗೂ ಇದರ ನಿಜ ತಿಳಿಯದು ಎನ್ನುತ್ತಾನೆ. ಒಂದರ ಎರಡರಷ್ಟಲ್ಲದ ಆ ‘ಎರಡು’ ಯಾರೆಂಬುದು ಅಲ್ಲಿಯೇ ಇದೆ. ಬೆಂಟ್ಲಿ ಮುಂದೆ 1913ರಲ್ಲಿ ತನ್ನ ಪ್ರಸಿದ್ಧ ಪತ್ತೇದಾರಿ ಕಾದಂಬರಿಯನ್ನು ಚೆಸ್ಟರ್ಟನ್‌ಗೆ ಅರ್ಪಿಸಿದ.

ಹೊರಗಿನ ಭಯವೂ ಸುಳ್ಳಾಗಿರಲಿಲ್ಲ. 1894ರ ಫೆಬ್ರವರಿಯಲ್ಲಿ ಮಾರ್ಷಿಯಲ್ ಬೂರ್ದ್ಯಾ ಎಂಬವನು ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಬಳಿ ತನ್ನ ಕೈಯಲ್ಲೇ ಬಾಂಬು ಸಿಡಿದು ಸತ್ತ. ಅದೇ ವರ್ಷ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೊ, 1898ರಲ್ಲಿ ಆಸ್ಟ್ರಿಯಾದ ಸಾಮ್ರಾಜ್ಞಿ ಎಲಿಜಬೆತ್, 1900ರಲ್ಲಿ ಇಟಲಿಯ ದೊರೆ ಉಂಬೆರ್ಟೊ, 1901ರಲ್ಲಿ ಅಮೆರಿಕದ ಅಧ್ಯಕ್ಷ ಮ್ಯಾಕಿನ್ಲಿ ಅರಾಜಕತಾವಾದಿಗಳ ಕೈಯಲ್ಲಿ ಹತರಾದರು. ಆದರೂ ಕಾದಂಬರಿಗೆ ಆ ಚಳವಳಿಯ ತತ್ವ ಗೊತ್ತಿದೆ ಎನ್ನಲಾರೆ. ಅರಾಜಕತಾವಾದಿ ಚಿಂತಕ ಕ್ರೊಪೊಟ್ಕಿನ್‌ನಂಥವರು ಪರಸ್ಪರ ಸಹಾಯದ ಮೇಲೆ ಸಮಾಜ ಕಟ್ಟುವ ಮಾತಾಡುತ್ತಿದ್ದ ಕಾಲದಲ್ಲಿ ಚೆಸ್ಟರ್ಟನ್‌ನ ಅರಾಜಕತಾವಾದಿಗೆ ಇರುವುದು ಎಲ್ಲವನ್ನೂ ಇಲ್ಲವಾಗಿಸುವ ಒಂದೇ ಆಸೆ. ಥೇಮ್ಸ್ ದಂಡೆಯಲ್ಲಿ ಸೈಮ್‌ನನ್ನು ಇಲಾಖೆಗೆ ಸೆಳೆಯುವ ತತ್ತ್ವಜ್ಞಾನಿ ಪೇದೆಯ ಮಾತಂತೂ ನನ್ನನ್ನು ಕಳವಳಗೊಳಿಸುತ್ತದೆ. ಮಾಮೂಲಿ ಪೊಲೀಸರು ಕಳ್ಳರನ್ನು ಹಿಡಿಯಲು ಹೆಂಡದಂಗಡಿಗೆ ಹೋಗುತ್ತಾರೆ, ನಾವು ನಿರಾಶಾವಾದಿಗಳನ್ನು ಹುಡುಕಿಕೊಂಡು ಕಲಾವಿದರ ಚಹಾಕೂಟಗಳಿಗೆ ಹೋಗುತ್ತೇವೆ. ನಿಜವಾದ ಅಪಾಯಕಾರಿ ಅಪರಾಧಿ ಆಧುನಿಕ ದಾರ್ಶನಿಕ ಎನ್ನುತ್ತಾನೆ ಅವನು. ವಿಚಾರವನ್ನೇ ಅಪರಾಧವೆಂದು ಬಗೆದು ಅದರ ಬೆನ್ನು ಹತ್ತುವ ಪೊಲೀಸರನ್ನು ಚೆಸ್ಟರ್ಟನ್ ಮೆಚ್ಚುಗೆಯಿಂದಲೇ ಚಿತ್ರಿಸಿದ್ದಾನೆ. ಅದನ್ನು ನಾನು ಒಪ್ಪಲಾರೆ. ಆದರೆ ಕಥೆ ತನ್ನ ಲೇಖಕನಿಗಿಂತ ವಿವೇಕಿಯಾಗಿದೆ: ವಿಚಾರಗಳ ಬೇಟೆಗೆ ಹೊರಟ ಆ ಪಡೆ ಕೊನೆಗೆ ಹಿಡಿಯುವುದು ತನ್ನನ್ನೇ.

ಕಾದಂಬರಿ ಬಂದ ಕೆಲವೇ ತಿಂಗಳಲ್ಲಿ ಇತಿಹಾಸ ಅದಕ್ಕೆ ಭೀಕರವಾದ ಸಾಕ್ಷ್ಯ ಒದಗಿಸಿತು. ಯೆವ್ನೊ ಅಝೆಫ್ ಎಂಬವನು ರಷ್ಯಾದ ಸಮಾಜವಾದಿ ಕ್ರಾಂತಿಕಾರಿ ಪಕ್ಷದ ‘ಸಮರ ಸಂಘಟನೆ’ಯ ಮುಖಂಡನಾಗಿದ್ದ. 1904ರಲ್ಲಿ ಗೃಹಮಂತ್ರಿ ಪ್ಲೆವೆಯ ಹತ್ಯೆ, 1905ರಲ್ಲಿ ಗ್ರ್ಯಾಂಡ್ ಡ್ಯೂಕ್ ಸೆರ್ಗೆಯ್‌ನ ಹತ್ಯೆ ಅವನ ಮುಂದಾಳತ್ವದಲ್ಲಿ ನಡೆದವು. ಅದೇ ಅಝೆಫ್ 1893ರಿಂದಲೂ ಸಾರ್ ದೊರೆಯ ಗುಪ್ತ ಪೊಲೀಸರ ಸಂಬಳ ಪಡೆಯುತ್ತಿದ್ದ. ಅಂದರೆ ಪ್ಲೆವೆ ಕೊಲೆಯಾದದ್ದು ತನ್ನದೇ ಇಲಾಖೆಯ ಗೂಢಚಾರನ ಕೈವಾಡದಿಂದ. ಪತ್ರಕರ್ತ ವ್ಲಾದಿಮಿರ್ ಬುರ್ತ್ಸೆಫ್ ಸಂದೇಹದ ಎಳೆ ಹಿಡಿದು, 1908ರ ಸೆಪ್ಟೆಂಬರಿನಲ್ಲಿ ಪೊಲೀಸ್ ಇಲಾಖೆಯ ಮಾಜಿ ನಿರ್ದೇಶಕ ಲೊಪುಖಿನ್‌ನನ್ನು ಜರ್ಮನಿಯಲ್ಲಿ ರೈಲಿನಲ್ಲಿ ಹಿಡಿದು ಕೂರಿಸಿಕೊಂಡು ಅವನ ಬಾಯಿಂದಲೇ ಈ ಸತ್ಯ ಹೊರಡಿಸಿದ. ಭಾನುವಾರನಂತೆ ಎರಡೂ ಕಡೆಯ ಸೂತ್ರ ಹಿಡಿದ ಮನುಷ್ಯ ರಕ್ತಮಾಂಸದಲ್ಲಿಯೇ ಇದ್ದ. ಚೆಸ್ಟರ್ಟನ್ ಇದನ್ನು ಅರಿತು ಬರೆದಿರಲು ಸಾಧ್ಯವಿರಲಿಲ್ಲ, ಕಾದಂಬರಿ ಆ ವರ್ಷದ ಆರಂಭದಲ್ಲೇ ಹೊರಬಂದಿತ್ತು.

ಅಝೆಫ್‌ನ ಮುಖವಾಡ ಕಳಚಿದಾಗ ಯಾರ ಭಾರವೂ ಇಳಿಯಲಿಲ್ಲ. ಗೆಳೆಯನೆಂದು ನಂಬಿ ಅವನ ಮಾತಿನ ಮೇಲೆ ಗಲ್ಲಿಗೇರಿದವರಿದ್ದರು; ಉಳಿದವರು ಒಬ್ಬರನ್ನೊಬ್ಬರು ನಂಬುವ ಶಕ್ತಿ ಕಳೆದುಕೊಂಡರು. ಇನ್ನೂ ಹತ್ತಿರದ ಉದಾಹರಣೆ ಚೆಸ್ಟರ್ಟನ್‌ನ ಊರಿನಲ್ಲೇ ಇದೆ. 1968ರಲ್ಲಿ ಲಂಡನ್ ಪೊಲೀಸರು ‘ಸ್ಪೆಷಲ್ ಡೆಮಾನ್‌ಸ್ಟ್ರೇಷನ್ ಸ್ಕ್ವಾಡ್’ ಎಂಬ ಘಟಕ ಕಟ್ಟಿ ಹೋರಾಟಗಾರರ ಗುಂಪುಗಳೊಳಗೆ ಅಧಿಕಾರಿಗಳನ್ನು ನುಸುಳಿಸಿದರು. ಅವರಲ್ಲಿ ಹಲವರು ಎಳವೆಯಲ್ಲೇ ಸತ್ತ ಮಕ್ಕಳ ಹೆಸರುಗಳನ್ನು ತಮ್ಮದಾಗಿಸಿಕೊಂಡರು. ಕೆಲವರು ಆ ಸುಳ್ಳು ಹೆಸರಿನಲ್ಲೇ ಚಳವಳಿಯ ಮಹಿಳೆಯರೊಂದಿಗೆ ವರ್ಷಗಟ್ಟಲೆ ಸಂಸಾರದಂಥ ಸಂಬಂಧ ಇಟ್ಟುಕೊಂಡು ಒಂದು ದಿನ ಮಾಯವಾದರು. 2015ರಲ್ಲಿ ಇದರ ಮೇಲೆ ಅಧಿಕೃತ ವಿಚಾರಣಾ ಆಯೋಗ ರಚನೆಯಾಯಿತು. ತಾನು ಪ್ರೀತಿಸಿದವನು ಎಂದೂ ಇರಲೇ ಇಲ್ಲವೆಂದು ತಿಳಿದ ಹೆಣ್ಣಿನ ಪಾಲಿಗೆ ಮುಖವಾಡ ಕಳಚುವುದೆಂದರೆ ಎರಡು ಒಂದಾಗಿ, ಆ ಒಂದೂ ಒಡೆದುಹೋಗುವುದು. ಚೆಸ್ಟರ್ಟನ್‌ನ ಕನಸಿನಲ್ಲಿ ಮಾತ್ರ ಎಲ್ಲ ವೇಷಗಳ ಒಳಗೂ ಒಬ್ಬ ಒಳ್ಳೆಯ ಮನುಷ್ಯ ಸಿಗುತ್ತಾನೆ. ಮೋಸಹೋದ ನಿಜವಾದ ಹೋರಾಟಗಾರರು ಅವನ ಮಂಡಳಿಯಲ್ಲಿ ಒಬ್ಬರೂ ಇರಲಿಲ್ಲವಾದ್ದರಿಂದ ಆ ಸಂತೋಷಕ್ಕೆ ಕಳಂಕ ಹತ್ತಲಿಲ್ಲ.

ಬಾಂಬಿನ ರಾಜಕೀಯ ಭಾರತಕ್ಕೂ ಹೊಸದಾಗಿರಲಿಲ್ಲ. 1909ರ ಜುಲೈ 1ರಂದು ಮದನ್‌ಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಬ್ರಿಟಿಷ್ ಅಧಿಕಾರಿ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ ಕೆಲವೇ ದಿನಗಳಲ್ಲಿ ಗಾಂಧಿಯವರು ಆ ನಗರಕ್ಕೆ ಬಂದರು. ಅದೇ ಸೆಪ್ಟೆಂಬರಿನಲ್ಲಿ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಚೆಸ್ಟರ್ಟನ್, ಭಾರತೀಯ ರಾಷ್ಟ್ರವಾದಕ್ಕೆ ಅಷ್ಟೇನೂ ಭಾರತೀಯವಾಗಿಲ್ಲದ ದೌರ್ಬಲ್ಯವಿದೆ ಎಂದು ಬರೆದ ಲೇಖನ ಗಾಂಧಿಯವರ ಮನಸ್ಸನ್ನು ತಟ್ಟಿತು, ತಮ್ಮ ಪತ್ರಿಕೆಯ ಓದುಗರಿಗೂ ಅದನ್ನು ಪರಿಚಯಿಸಿದರು. ಆ ವರ್ಷದ ನವೆಂಬರಿನಲ್ಲಿ ಹಡಗಿನಲ್ಲಿ ಅವರು ಬರೆದ ‘ಹಿಂದ್ ಸ್ವರಾಜ್’ ಕೂಡ ಹಿಂಸೆಯನ್ನು ನಂಬಿದ ತರುಣರೊಂದಿಗಿನ ಸಂವಾದವೇ.

ಮತ್ತೆ ಕಥೆಗೆ ಬರುವುದಾದರೆ, ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಫ್ರಾನ್ಸಿನ ಅಧ್ಯಾಯಗಳಲ್ಲಿದೆ. ಜೊತೆಗಾರರಿದ್ದರೂ ಅಲ್ಲಿ ಇಡೀ ಊರೇ ಅವರ ವಿರುದ್ಧ ತಿರುಗುತ್ತದೆ. ಸಹಾಯ ಮಾಡಿದ ರೈತ, ಹೋಟೆಲಿನ ಯಜಮಾನ, ಕಾರು ಕೊಟ್ಟ ವೈದ್ಯ, ಎಲ್ಲರೂ ಒಬ್ಬೊಬ್ಬರಾಗಿ ಬೆನ್ನಟ್ಟುವ ಗುಂಪಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಬಡವರು ಬಂಡೆದ್ದಾರು, ಆದರೆ ಅರಾಜಕತಾವಾದಿಗಳಾಗಲಾರರು, ಆಳಿಸಿಕೊಳ್ಳಲು ಒಪ್ಪದವರು ಯಾವಾಗಲೂ ಶ್ರೀಮಂತರೇ ಎಂದು ಅವರಲ್ಲೊಬ್ಬ ವಾದಿಸಿದ್ದ. ಆ ನಂಬಿಕೆಯೂ ಕುಸಿಯುತ್ತದೆ. ಬಾಲ್ಕನಿಯಲ್ಲಿ ಬ್ಯಾರಲ್ ಆರ್ಗನ್ ಕೇಳಿ ಧೈರ್ಯ ತಂದುಕೊಂಡವನಿಗೆ ಇದಕ್ಕಿಂತ ದೊಡ್ಡ ಹೊಡೆತವಿಲ್ಲ. ಆಗ ಸೈಮ್ ಶಿಲುಬೆ ಕೆತ್ತಿದ ಹಳೆಯ ಲಾಂದ್ರವೊಂದನ್ನು ಎತ್ತಿ ಹಿಡಿದು, ಇದನ್ನು ಮಾಡಿದವರು ನೀವಲ್ಲ, ಹಚ್ಚಿದವರೂ ನೀವಲ್ಲ, ನಿಮಗಿಂತ ಒಳ್ಳೆಯವರು ಇದನ್ನು ಮಾಡಿದರು ಎಂದು ಆ ಗುಂಪಿನ ಮುಂದಿದ್ದ ಸೋಮವಾರನ ಮುಖಕ್ಕೆ ಕೂಗುತ್ತಾನೆ. ಕೆಲವೇ ನಿಮಿಷಗಳಲ್ಲಿ ಸೋಮವಾರನೂ ಪೊಲೀಸನೆಂದೂ, ಆ ಗುಂಪು ಇವರನ್ನೇ ಬಾಂಬಿನವರೆಂದು ತಿಳಿದು ಬೆನ್ನಟ್ಟಿತ್ತೆಂದೂ ತಿಳಿದು ಎಲ್ಲರೂ ನಗುತ್ತಾರೆ. ಆದರೆ ಸೈಮ್‌ನ ಮಾತು ನಿಲ್ಲುತ್ತದೆ; ಜಗತ್ತೇ ಎದುರು ನಿಂತಿದೆಯೆಂದು ನಂಬಿದಾಗ ಆಡಿದ ಮಾತದು.

ಆನೆಯ ಮೇಲೂ, ಅಗ್ನಿಶಾಮಕ ಬಂಡಿಯ ಮೇಲೂ, ಬಲೂನಿನಲ್ಲೂ ಪಲಾಯನ ಮಾಡುವ ಭಾನುವಾರನ ಭಾಗವನ್ನು ನಾ ಬೇಗ ದಾಟುತ್ತೇನೆ. ಅಲ್ಲಿ ಚೆಸ್ಟರ್ಟನ್‌ನ ಉತ್ಸಾಹ ಕಥೆಯ ಹಿಡಿತ ಮೀರಿದೆ. ಅವನನ್ನು ಹಿಂಬಾಲಿಸುತ್ತ ಸೈಮ್ ಹೇಳುವ ಒಂದು ಮಾತು ಮಾತ್ರ ಮುಖ್ಯ. ಬೆನ್ನಿನಿಂದ ನೋಡಿದರೆ ಅವನು ಮೃಗ, ಮುಖದಿಂದ ನೋಡಿದರೆ ದೇವತೆ. ನಾವು ಜಗತ್ತಿನ ಬೆನ್ನನ್ನು ಮಾತ್ರ ಕಂಡಿದ್ದೇವೆ, ಮರವೂ ಮೋಡವೂ ಬೆನ್ನು ತಿರುಗಿಸಿ ಮುಖ ಅಡಗಿಸಿಕೊಂಡಿವೆ. ಭಾನುವಾರನನ್ನು ಸರಳವಾಗಿ ದೇವರೆಂದು ಓದುವವರಿಗೆ ಚೆಸ್ಟರ್ಟನ್ ತಾನೇ ಉತ್ತರ ಕೊಟ್ಟಿದ್ದಾನೆ. ಅವನು ತೀರಿಕೊಂಡದ್ದು 1936ರ ಜೂನ್ 14ರಂದು. ಹಿಂದಿನ ದಿನ ಪ್ರಕಟವಾದ ಅಂಕಣದಲ್ಲಿ, ಶೀರ್ಷಿಕೆಯ ಕೆಳಗೆ ‘ಒಂದು ದುಃಸ್ವಪ್ನ’ ಎಂದು ಬರೆದದ್ದನ್ನು ಜನ ಓದುವುದೇ ಇಲ್ಲವೆಂದು ನೆನಪಿಸಿದ. ತಾನು ಚಿತ್ರಿಸಿದ್ದು ಇದ್ದ ಲೋಕವನ್ನಲ್ಲ, ಆ ಕಾಲದ ನಿರಾಶಾವಾದಿಗಳು ಬಣ್ಣಿಸುತ್ತಿದ್ದ ಸಂದೇಹ, ಹತಾಶೆಗಳ ಲೋಕವನ್ನು, ಅದರೊಳಗೆ ಒಂದೇ ಒಂದು ಆಸೆಯ ಮಿನುಗಿನೊಂದಿಗೆ ಎಂದ. 1952ರ ಪ್ರಬಂಧ ಸಂಕಲನದಲ್ಲಿ ಅರ್ಜೆಂಟೀನಾದ ಲೇಖಕ ಬೋರ್ಹೆಸ್, ಚೆಸ್ಟರ್ಟನ್ ತನ್ನೊಳಗಿನ ಪೋ, ಕಾಫ್ಕಾರನ್ನು ತಡೆಹಿಡಿದಿದ್ದನೆಂದೂ, ಆದರೂ ಅವನ ಮಣ್ಣಿನಲ್ಲೇ ದುಃಸ್ವಪ್ನದ ಕಡೆಗೆ ಒಲಿಯುವ ಏನೋ ಇತ್ತೆಂದೂ ಹೇಳಿರುವುದನ್ನು ಇದರ ಜೊತೆಗಿಟ್ಟು ಓದಬೇಕು.

ಕೊನೆಯ ಅಧ್ಯಾಯದ ತೋಟದ ಔತಣದಲ್ಲಿ ಆರು ಜನರೂ ಬೈಬಲ್ಲಿನ ಸೃಷ್ಟಿಯ ಆರು ದಿನಗಳ ಉಡುಪು ತೊಟ್ಟು ಸಿಂಹಾಸನಗಳಲ್ಲಿ ಕೂರುತ್ತಾರೆ. ನಾಲ್ಕನೆಯ ದಿನದವನಾದ ಗುರುವಾರನ ಬಟ್ಟೆಯ ಮೇಲೆ ಸೂರ್ಯ, ಚಂದ್ರ. ಅಲ್ಲಿಗೆ ಕಪ್ಪು ಬಟ್ಟೆಯ ಗ್ರೆಗರಿ ಬರುತ್ತಾನೆ, ಬೈಬಲ್ಲಿನ ಯೋಬನ ಗ್ರಂಥದಲ್ಲಿ ದೇವಪುತ್ರರ ನಡುವೆ ಸೈತಾನ ಬಂದಂತೆ. ಇಡೀ ಕಥೆಯಲ್ಲಿ ಇವನೊಬ್ಬನೇ ನಿಜವಾದ ಅರಾಜಕತಾವಾದಿ. ನೀವು ಅಧಿಕಾರದಲ್ಲಿರುವವರು, ಸುರಕ್ಷಿತರು, ನೋವು ಕಾಣದವರು, ಅದಕ್ಕೇ ನಿಮ್ಮನ್ನು ದ್ವೇಷಿಸುತ್ತೇನೆ ಎಂಬುದು ಅವನ ಆರೋಪ. ಸೈಮ್ ಎದ್ದು ನಿಲ್ಲುತ್ತಾನೆ. ಕಟ್ಟಳೆಗೆ ತಲೆಬಾಗುವ ಪ್ರತಿಯೊಬ್ಬನಿಗೂ ಅರಾಜಕತಾವಾದಿಗಿರುವ ಒಂಟಿತನ, ಅವನಿಗಿರುವ ಕೀರ್ತಿ ದೊರೆಯಲೆಂದೇ ನಾವು ಇಷ್ಟು ನರಳಿದೆವು; ನೋವು ಕಾಣದವರು ಎಂಬ ಮಾತು ಸುಳ್ಳು ಎನ್ನುತ್ತಾನೆ. ಒಳ್ಳೆಯವರ ಮೇಲೆ ಹೊರಿಸುವ ನೆಮ್ಮದಿಯ ಅಪವಾದಕ್ಕೆ ಇಷ್ಟು ಗಟ್ಟಿಯಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀನೂ ನರಳಿದ್ದೀಯಾ ಎಂದು ಭಾನುವಾರನನ್ನು ಕೇಳಿದಾಗ ಆ ಮುಖ ಮೆಮ್ನಾನ್‌ನ ಮುಖದಂತೆ ಬೆಳೆದು ಆಕಾಶ ತುಂಬುತ್ತದೆ. ಎಲ್ಲ ಕಪ್ಪಾಗುವ ಮುನ್ನ ಯೇಸುವಿನ ಪ್ರಶ್ನೆಯೊಂದು ಕೇಳುತ್ತದೆ: ನಾನು ಕುಡಿಯುವ ಪಾತ್ರೆಯಿಂದ ನೀವು ಕುಡಿಯಬಲ್ಲಿರಾ?

ಹೆಚ್ಚಿನ ವಿಮರ್ಶಕರು ಈ ಪ್ರಶ್ನೆಯ ಬಳಿ ನಿಲ್ಲುತ್ತಾರೆ. ನನಗೆ ಅದರ ನಂತರದ ಕೆಲವು ಸಾಲುಗಳೇ ಮುಖ್ಯ. ಸೈಮ್‌ಗೆ ಎಚ್ಚರವಾಗುವುದು ಹಾಸಿಗೆಯಲ್ಲಲ್ಲ. ಹಳ್ಳಿಯ ದಾರಿಯೊಂದರಲ್ಲಿ ಯಾವುದೋ ಸಣ್ಣ ವಿಷಯ ಮಾತಾಡುತ್ತ ತಾನು ಹಾಯಾಗಿ ನಡೆಯುತ್ತಿದ್ದೇನೆಂಬುದು ಅವನಿಗೆ ಮೆಲ್ಲಗೆ ಅರಿವಾಗುತ್ತದೆ. ಪಕ್ಕದಲ್ಲಿ ಹಳೆಯ ಸ್ನೇಹಿತನಂತೆ ಹೆಜ್ಜೆ ಹಾಕುತ್ತಿರುವವನು ಕೆಂಪು ಕೂದಲಿನ ಗ್ರೆಗರಿ. ಐದು ಪೊಲೀಸರು ಅಲ್ಲಿಲ್ಲ, ಭಾನುವಾರನೂ ಇಲ್ಲ. ಮಂಡಳಿಗೆ ಆಯ್ಕೆಯಾಗದೆ ಉಳಿದವನು, ತನ್ನ ಗುಟ್ಟನ್ನು ಶತ್ರುವಿಗೇ ಒಪ್ಪಿಸಿ ಆಣೆಗೆ ಕಟ್ಟುಬಿದ್ದವನು, ಕಥೆಯುದ್ದಕ್ಕೂ ಯಾರ ಜೊತೆಯೂ ಸಿಗದವನು ಗ್ರೆಗರಿಯೊಬ್ಬನೇ ಆಗಿದ್ದ. ಚೆಸ್ಟರ್ಟನ್ ಅವನ ವಾದವನ್ನು ಸೋಲಿಸಿದ, ಆದರೆ ಅವನನ್ನು ಕತ್ತಲಲ್ಲಿ ಬಿಟ್ಟುಬರಲಿಲ್ಲ. ಗ್ರೆಗರಿ ಬದಲಾದನೇ, ಕ್ಷಮೆ ಕೇಳಿದನೇ ಎಂಬುದರ ಬಗ್ಗೆ ಒಂದಕ್ಷರವೂ ಅಲ್ಲಿಲ್ಲ. ಅವನ ಅಭಿಪ್ರಾಯಗಳು ಅವನಲ್ಲೇ ಉಳಿದಿರಬಹುದು, ಸ್ಯಾಫ್ರನ್ ಪಾರ್ಕಿನ ಆ ಜಗಳ ಮರುದಿನ ಸಂಜೆ ಮತ್ತೆ ಶುರುವಾಗಲೂಬಹುದು.